ಬಿಸಿ ಚಾಕೊಲೇಟಿನ ಬಟ್ಟಲೂ ಜಾರ್ಜ್ ಕ್ಯಾಡ್ಬರಿಯ ಬಾಳೂ

ಡಿಸೆಂಬರ್ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಾಲ್ಕು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಕ್ರಿಸ್‌ಮಸ್ ರಜೆಗೆಂದು ಶಾಲೆಗಳು ಎರಡು ವಾರ ಮುಚ್ಚಿರುತ್ತವೆ. ಹೊರಗೆ ಜಿಟಿಜಿಟಿ ಮಳೆ ಅಥವಾ ಕಾವಳ. ಒಳಗೆ ಮಕ್ಕಳೂ ಊರಿನಿಂದ ಬಂದ ಅಜ್ಜ ಅಜ್ಜಿಯರೂ ಬೆಚ್ಚಗಿರುವ ಒಂದೇ ಕೋಣೆಯಲ್ಲಿ ಸೇರುತ್ತಾರೆ. ಇಂತಹ ಸಂಜೆಗಳಲ್ಲಿ ಇಲ್ಲಿನ ಕನ್ನಡದ ಮನೆಗಳಲ್ಲಿ ಫಿಲ್ಟರ್ ಕಾಫಿಯ ಪಕ್ಕದಲ್ಲಿ ಮತ್ತೊಂದು ಪಾನೀಯವೂ ಜಾಗ ಮಾಡಿಕೊಂಡಿದೆ. ಅದು ಏಲಕ್ಕಿಯೋ ಶುಂಠಿಯೋ ಕಿತ್ತಳೆಯ ಸಿಪ್ಪೆಯೋ ಬೆರೆತ ಬಿಸಿ ಚಾಕೊಲೇಟ್.

ಇದನ್ನು ಮನೆಯಲ್ಲಿ ಮಾಡಹೊರಟವರಿಗೆ ಮೊದಲ ತೊಡಕು ಎದುರಾಗುವುದು ಅಂಗಡಿಯ ಕಪಾಟಿನ ಮುಂದೆ. ಒಂದೇ ಬಣ್ಣದ, ಒಂದೇ ಗಾತ್ರದ ಎರಡು ಡಬ್ಬಿಗಳು ಅಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಒಂದರ ಮೇಲೆ ಕೋಕೋ ಎಂದಿರುತ್ತದೆ, ಇನ್ನೊಂದರ ಮೇಲೆ ಡ್ರಿಂಕಿಂಗ್ ಚಾಕೊಲೇಟ್ ಎಂದು. ಎರಡನೆಯದನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಬಹುತೇಕ ಡಬ್ಬಿಗಳಲ್ಲಿ ಮೊದಲ ಹೆಸರು ಸಕ್ಕರೆಯದೇ. ಬ್ರಿಟನ್ನಿನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಹೊಸದಾಗಿ ಬರುವವರು ಇದನ್ನೊಂದು ತಿಳಿದಿಟ್ಟುಕೊಂಡರೆ ಎಷ್ಟೋ ಖರ್ಚು ಉಳಿಯುತ್ತದೆ. ಡಬ್ಬಿಯೊಳಗೆ ಕೋಕೋ ಎಷ್ಟು, ಕೋಕೋ ಅಲ್ಲದ್ದು ಎಷ್ಟು ಎಂಬ ಈ ಪ್ರಶ್ನೆಯ ಮೇಲೆಯೇ ತನ್ನ ಬದುಕನ್ನು ಪಣಕ್ಕಿಟ್ಟವನೊಬ್ಬ ಇದೇ ಊರಿನಲ್ಲಿದ್ದ. ಅವನ ಮನೆತನದ ಹೆಸರು ನಮ್ಮ ನಾಡಿನ ಕಿರಾಣಿ ಅಂಗಡಿಗಳಲ್ಲೂ ನೇರಳೆ ಹೊದಿಕೆಯ ಮೇಲೆ ಮಿಂಚುತ್ತದೆ. ಆದರೆ ಜಾರ್ಜ್ ಕ್ಯಾಡ್ಬರಿ ಎಂಬ ಮನುಷ್ಯನನ್ನು ಬಲ್ಲವರು ಕಡಿಮೆ.

ಜಾರ್ಜ್ ಹುಟ್ಟಿದ್ದು 1839ರ ಸೆಪ್ಟೆಂಬರ್ 19ರಂದು, ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ. ಮನೆತನ ಕ್ವೇಕರ್ ಪಂಥದ್ದು. ಪುರೋಹಿತರಿಲ್ಲದೆ ಮೌನವಾಗಿ ಕೂಡಿ ಪ್ರಾರ್ಥಿಸುವ, ಯುದ್ಧವನ್ನೂ ಆಣೆ ಪ್ರಮಾಣಗಳನ್ನೂ ಒಪ್ಪದ ಕ್ರೈಸ್ತ ಪಂಥವದು. ಅಂದಿನ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಬಾಗಿಲು ಅವರಿಗೆ ತೆರೆದಿರಲಿಲ್ಲ. ಸೇನೆಗೆ ಸೇರಲು ಅವರಿಗೇ ಮನಸ್ಸಿರಲಿಲ್ಲ. ಹೀಗೆ ಉಳಿದ ದಾರಿ ವ್ಯಾಪಾರ. ಜಾರ್ಜನ ತಂದೆ ಜಾನ್ 1824ರಲ್ಲಿ ನಗರದ ಬುಲ್ ಸ್ಟ್ರೀಟ್‌ನಲ್ಲಿ ಚಹಾ, ಕಾಫಿ, ಕುಡಿಯುವ ಚಾಕೊಲೇಟ್ ಮಾರುವ ಅಂಗಡಿ ತೆರೆದಿದ್ದ. ಮದ್ಯಪಾನದಿಂದ ಬಡವರ ಸಂಸಾರಗಳು ಹಾಳಾಗುತ್ತಿವೆ, ಬಿಸಿ ಪಾನೀಯವೊಂದು ಅಗ್ಗವಾಗಿ ಸಿಕ್ಕರೆ ಜನ ಜಿನ್ನಿನ ಅಂಗಡಿಯಿಂದ ದೂರವಾದಾರು ಎಂಬ ನಂಬಿಕೆ ಆ ವ್ಯಾಪಾರದ ಹಿಂದಿತ್ತು. 1831ರಲ್ಲಿ ಜಾನ್ ಸ್ವಂತ ತಯಾರಿಕೆಗೂ ಕೈಹಾಕಿದ. 1854ರಲ್ಲಿ ರಾಣಿ ವಿಕ್ಟೋರಿಯಾಳ ಅರಮನೆಗೆ ಸರಬರಾಜು ಮಾಡುವ ಸನ್ನದೂ ದೊರೆಯಿತು.

ಮರುವರ್ಷ ಜಾರ್ಜನ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ತಂದೆಯ ಆರೋಗ್ಯವೂ ಉತ್ಸಾಹವೂ ಅಲ್ಲಿಂದ ಕುಗ್ಗುತ್ತ ಬಂದವು. ಕಾರ್ಖಾನೆ ಸೊರಗಿತು. 1861ರಲ್ಲಿ ಜಾನ್ ವ್ಯವಹಾರವನ್ನು ಮಕ್ಕಳಾದ ರಿಚರ್ಡ್ ಮತ್ತು ಜಾರ್ಜರ ಕೈಗಿತ್ತಾಗ ಅಣ್ಣನಿಗೆ ಇಪ್ಪತ್ತೈದು, ತಮ್ಮನಿಗೆ ಇಪ್ಪತ್ತೊಂದು ವರ್ಷ. ಅವರಿಗೆ ಸಿಕ್ಕಿದ್ದು ಬ್ರಿಡ್ಜ್ ಸ್ಟ್ರೀಟ್‌ನ ಹಳೆಯ ಕಟ್ಟಡ, ಹನ್ನೊಂದು ಕೆಲಸಗಾರರು ಮತ್ತು ನಷ್ಟದ ಲೆಕ್ಕ. ತಾಯಿಯ ಕಡೆಯಿಂದ ತಲಾ 4,000 ಪೌಂಡ್ ಬಂದಿತ್ತು. ಇಬ್ಬರೂ ಅದನ್ನು ಕಾರ್ಖಾನೆಗೆ ಸುರಿದರು. ಮುಂಜಾನೆಯೇ ಕೆಲಸಕ್ಕೆ ಬಂದು ರಾತ್ರಿ ಮರಳುವ ದಿನಗಳವು. ಮದುವೆಯಾಗದ ಜಾರ್ಜ್ ತನ್ನ ಬಟ್ಟೆ, ಪ್ರಯಾಣ, ದಾನಧರ್ಮ ಎಲ್ಲವನ್ನೂ ವರ್ಷಕ್ಕೆ ಸುಮಾರು 25 ಪೌಂಡಿನೊಳಗೆ ಮುಗಿಸುತ್ತಿದ್ದ. ಚಹಾ, ಕಾಫಿಗಳನ್ನೂ, ಕಡೆಗೆ ದಿನಪತ್ರಿಕೆ ಕೊಳ್ಳುವುದನ್ನೂ ಬಿಟ್ಟಿದ್ದ. ವರ್ಷದಿಂದ ವರ್ಷಕ್ಕೆ ಬಂಡವಾಳ ಕರಗುತ್ತಿತ್ತು.

ಈ ಹಂತದಲ್ಲಿ ಸೋದರರು ಸೋಲೊಪ್ಪುವ ಮಾತನ್ನೂ ಆಡಿಕೊಂಡಿದ್ದರು. ಕಾರ್ಖಾನೆ ಮುಚ್ಚಬೇಕಾಗಿ ಬಂದರೆ ರಿಚರ್ಡ್ ಭೂಮಾಪಕನಾಗುವುದು, ಜಾರ್ಜ್ ಭಾರತಕ್ಕೆ ಹೋಗಿ ಹಿಮಾಲಯದ ತಪ್ಪಲಲ್ಲಿ ಚಹಾ ತೋಟ ಮಾಡುವುದು ಎಂದು ಯೋಚನೆಯಾಗಿತ್ತು. ವಲಸೆ ಎಂದರೆ ಪೂರ್ವದಿಂದ ಪಶ್ಚಿಮಕ್ಕೆ ಎಂದೇ ನಾವು ತಿಳಿದಿದ್ದೇವೆ. ಊರಿನಲ್ಲಿ ಬದುಕು ಸಾಗದಿದ್ದರೆ ಹಡಗು ಹತ್ತುವೆನೆಂಬ ಲೆಕ್ಕಾಚಾರ ಆ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ಹುಡುಗನ ತಲೆಯಲ್ಲೂ ಇತ್ತು. ಜಾರ್ಜ್ ಹೊರಡಲಿಲ್ಲ. 1864ರ ಹೊತ್ತಿಗೆ ಲೆಕ್ಕಪುಸ್ತಕದಲ್ಲಿ ಮೊದಲ ಸಣ್ಣ ಲಾಭ ಕಾಣಿಸಿಕೊಂಡಿತು.

ಆದರೆ ಅವರು ಮಾರುತ್ತಿದ್ದ ಪದಾರ್ಥ ಎಂತಹದು? ಕೋಕೋ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. ಬೀಜವನ್ನು ಹುರಿದು ಅರೆದು ಬಿಸಿನೀರಿಗೆ ಹಾಕಿದರೆ ಆ ಕೊಬ್ಬು ಜಿಡ್ಡಾಗಿ ಮೇಲೆ ತೇಲುತ್ತದೆ, ಗಸಿ ಕೆಳಗಿಳಿಯುತ್ತದೆ. ಜಿಡ್ಡನ್ನು ಹೀರಿಕೊಳ್ಳಲೆಂದು ತಯಾರಕರೆಲ್ಲ ಹಿಟ್ಟು ಬೆರೆಸುತ್ತಿದ್ದರು. ಬೆರೆಸಿದಷ್ಟೂ ಲಾಭವೂ ಹೆಚ್ಚು. 1850ರ ದಶಕದಲ್ಲಿ ಲಂಡನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಕೈಗೊಂಡ ಪರೀಕ್ಷೆಗಳಲ್ಲಿ ಕೆಲವು ಕೋಕೋ ಮಾದರಿಗಳಿಗೆ ಕೆಮ್ಮಣ್ಣಿನ ಬಣ್ಣ ಕಟ್ಟಿದ್ದೂ ಬಯಲಾಗಿತ್ತು. ಕ್ಯಾಡ್ಬರಿಗಳು ಅಷ್ಟು ದೂರ ಹೋದವರಲ್ಲ. ಆದರೂ ತಮ್ಮ ಅಂದಿನ ಕೋಕೋದಲ್ಲಿ ಐದರಲ್ಲೊಂದು ಪಾಲು ಮಾತ್ರ ನಿಜವಾದ ಕೋಕೋ, ಉಳಿದುದೆಲ್ಲ ಆಲೂಗಡ್ಡೆಯ ಪಿಷ್ಟ, ಸಬ್ಬಕ್ಕಿ, ಹಿಟ್ಟು, ಕಾಕಂಬಿ ಎಂಬುದನ್ನು ಜಾರ್ಜ್ ಮುಂದೆ ತಾನೇ ಮರೆಮಾಚದೆ ಹೇಳಿಕೊಂಡ. ವ್ಯಾಪಾರಿಯೊಬ್ಬ ಹೀಗೆ ಒಪ್ಪಿಕೊಳ್ಳುವುದು ಅಪರೂಪ.

ಪರಿಹಾರ ಹಾಲೆಂಡಿನಲ್ಲಿತ್ತು. ಅಲ್ಲಿನ ವ್ಯಾನ್ ಹೌಟನ್ ಮನೆತನ ಅರೆದ ಕೋಕೋದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ 1828ರಲ್ಲೇ ಹಕ್ಕುಪತ್ರ ಪಡೆದಿತ್ತು. ಡಚ್ ಭಾಷೆ ಬಾರದ ಜಾರ್ಜ್ ಅಲ್ಲಿಗೆ ಹೋಗಿ ಯಂತ್ರವನ್ನು ಕೊಂಡು ತಂದ. 1866ರಲ್ಲಿ ಕೋಕೋ ಎಸೆನ್ಸ್ ಎಂಬ ಹೆಸರಿನ ಪುಡಿ ಮಾರುಕಟ್ಟೆಗೆ ಬಂತು. ಅದರಲ್ಲಿ ಹಿಟ್ಟಿರಲಿಲ್ಲ. ಬೆಲೆ ಹೆಚ್ಚು, ಬಟ್ಟಲಲ್ಲಿ ತೆಳುವಾಗಿ ಕಾಣುತ್ತದೆ ಎಂದು ಗಿರಾಕಿಗಳು ಮೊದಲು ಅನುಮಾನಿಸಿದರು. ಗಟ್ಟಿ ಗಂಜಿಗೆ ಒಗ್ಗಿದ ನಾಲಿಗೆಗೆ ಶುದ್ಧ ವಸ್ತುವೇ ಕಲಬೆರಕೆಯಂತೆ ತೋರುವುದುಂಟು. ಸೋದರರು ಶುದ್ಧತೆಯನ್ನೇ ಜಾಹೀರಾತಾಗಿಸಿದರು, ವೈದ್ಯರಿಗೆ ಮಾದರಿಗಳನ್ನು ಹಂಚಿದರು. 1872 ಮತ್ತು 1875ರಲ್ಲಿ ಆಹಾರದ ಕಲಬೆರಕೆಯನ್ನು ತಡೆಯುವ ಕಾನೂನುಗಳು ಬಂದು, ಬೆರೆಸಿದ್ದನ್ನು ಬೆರೆಸಿದ್ದೆಂದೇ ಹೇಳಿ ಮಾರಬೇಕಾಗಿ ಬಂದಾಗ ಉಳಿದವರು ತಬ್ಬಿಬ್ಬಾದರು. ಕ್ಯಾಡ್ಬರಿ ಮನೆ ಅಷ್ಟರಲ್ಲಿ ತಯಾರಾಗಿ ನಿಂತಿತ್ತು.

ನಮ್ಮ ಅಡುಗೆಮನೆಯ ಬಿಸಿ ಚಾಕೊಲೇಟಿಗೆ ಆಧಾರವೂ ಹೀಗೆ ಹಿಂಡಿದ ಪುಡಿಯೇ. ಕೊಬ್ಬು ಹಿಂಡಿದ ಮೇಲೂ ಅದರಲ್ಲಿ ಜಿಡ್ಡು ಸ್ವಲ್ಪ ಉಳಿದಿರುತ್ತದೆ. ಆದ್ದರಿಂದ ಪುಡಿಯನ್ನು ನೇರವಾಗಿ ಹಾಲಿಗೆ ಸುರಿದರೆ ಒಳಗೆ ಒಣಗಿದ ಗಂಟುಗಳಾಗಿ ತೇಲುತ್ತದೆ. ನಾಲ್ವರಿಗೆ ಮಾಡುವುದಾದರೆ ನಾಲ್ಕು ಮಟ್ಟಸ ದೊಡ್ಡ ಚಮಚ ಸಕ್ಕರೆಯಿಲ್ಲದ ಕೋಕೋ ಪುಡಿ, ಅಷ್ಟೇ ಸಕ್ಕರೆ, ಒಂದು ಚಿಟಿಕೆ ಉಪ್ಪು ಇವನ್ನು ಪಾತ್ರೆಯ ತಳದಲ್ಲಿ ಬೆರೆಸಿ, ಕುದಿಯುವ ನೀರನ್ನು ಚಮಚ ಚಮಚವಾಗಿ ಹಾಕುತ್ತ ದೋಸೆಹಿಟ್ಟಿನ ಹದಕ್ಕೆ ಕಲಸಬೇಕು. ಆ ಮೇಲೆ 800 ಮಿಲಿಲೀಟರ್ ಬಿಸಿ ಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಕಾಯಿಸುತ್ತ ಕಡೆಗೋಲಿನಿಂದ ಕಡೆದರೆ ನೊರೆಯೂ ಬರುತ್ತದೆ, ಪುಡಿಯ ಹಸಿವಾಸನೆಯೂ ಹೋಗುತ್ತದೆ. ಇಲ್ಲಿ ಕೊಳ್ಳುವ ತಂತಿಯ ಕಡೆಗೋಲಿಗಿಂತ ಊರಿನ ಮರದ ಕಡೆಗೋಲು ಈ ಕೆಲಸಕ್ಕೆ ಮೇಲು. ಇನ್ನೂ ಗಟ್ಟಿ ಬೇಕೆನ್ನುವವರು 50 ಗ್ರಾಂ ಕಪ್ಪು ಚಾಕೊಲೇಟನ್ನು ತುರಿದು ಹಾಕುತ್ತಾರೆ. ಒಂದು ಚಮಚ ಜೋಳದ ಪಿಷ್ಟ ಬೆರೆಸುವವರೂ ಇದ್ದಾರೆ; ರುಚಿಗೇನೂ ಕೊರತೆಯಿಲ್ಲ, ಆದರೆ ಅದು ಜಾರ್ಜ್ ಕ್ಯಾಡ್ಬರಿ ಬೆವರು ಸುರಿಸಿ ಹೊರಗಟ್ಟಿದ ಹಿಟ್ಟನ್ನು ಮತ್ತೆ ಒಳಗೆ ಕರೆದಂತೆ.

ಲಾಭ ಬಂದ ಮೇಲೆ ಜಾರ್ಜ್ ಏನು ಮಾಡಿದನೆಂಬುದು ಅವನ ಬಾಳಿನ ಹೆಚ್ಚು ತಿಳಿದ ಭಾಗ. ಇಪ್ಪತ್ತರ ಹರೆಯದಿಂದ ಸುಮಾರು ಐವತ್ತು ವರ್ಷ ಅವನು ಭಾನುವಾರದ ನಸುಕಿನಲ್ಲೇ ಹೊರಟು ಸೆವರ್ನ್ ಸ್ಟ್ರೀಟ್‌ನ ವಯಸ್ಕರ ಶಾಲೆಯಲ್ಲಿ ಕೂಲಿಕಾರರಿಗೆ ಓದು ಬರಹ ಕಲಿಸಿದ. ಅವರ ಮನೆಗಳಿಗೆ ಹೋಗಿ ನೋಡಿದಾಗ, ಬೆಳಕಿಲ್ಲದ ಹಟ್ಟಿಗಳಲ್ಲಿ ಬದುಕುವವನಿಗೆ ಕುಡಿತ ಬಿಡೆಂದು ಬೋಧಿಸಿ ಪ್ರಯೋಜನವಿಲ್ಲ ಎಂಬುದು ಅವನಿಗೆ ಮನದಟ್ಟಾಯಿತು. 1878ರಲ್ಲಿ ಸೋದರರು ನಗರದಿಂದ ನಾಲ್ಕು ಮೈಲಿ ದಕ್ಷಿಣಕ್ಕೆ, ಕಾಲುವೆ ಮತ್ತು ರೈಲುದಾರಿಗಳ ಪಕ್ಕದಲ್ಲಿ ಹದಿನಾಲ್ಕೂವರೆ ಎಕರೆ ಹುಲ್ಲುಗಾವಲು ಕೊಂಡರು. ಮರುವರ್ಷ ಕಾರ್ಖಾನೆ ಅಲ್ಲಿಗೆ ಸಾಗಿತು. ಪಕ್ಕದಲ್ಲಿ ಹರಿಯುವ ಬೋರ್ನ್ ಎಂಬ ತೊರೆಯ ಹೆಸರಿಗೆ ಊರೆಂಬ ಅರ್ಥದ ಫ್ರೆಂಚ್ ಪದವನ್ನು ಅಂಟಿಸಿ ಬೋರ್ನ್‌ವಿಲ್ ಎಂದು ಕರೆದರು. ಚಾಕೊಲೇಟಿನಲ್ಲಿ ಆಗ ಫ್ರೆಂಚರದೇ ಹೆಸರು; ಅದರ ನೆರಳು ಸ್ವಲ್ಪ ತಮ್ಮ ಮೇಲೂ ಬೀಳಲಿ ಎಂಬ ವ್ಯಾಪಾರದ ಜಾಣ್ಮೆಯೂ ಅದರಲ್ಲಿತ್ತು.

1895ರಿಂದ ಕಾರ್ಖಾನೆಯ ಸುತ್ತ ಮನೆಗಳೆದ್ದವು. ಪ್ರತಿ ಮನೆಗೂ ತೋಟ. ಕಟ್ಟಡ ನಿವೇಶನದ ಕಾಲು ಭಾಗವನ್ನು ಮೀರಬಾರದು. ಹಿತ್ತಲಲ್ಲಿ ಹಣ್ಣಿನ ಗಿಡಗಳನ್ನು ಮೊದಲೇ ನೆಟ್ಟುಕೊಡುವುದು. ಮನೆಗಳು ಕಾರ್ಖಾನೆಯವರಿಗಷ್ಟೇ ಮೀಸಲಾಗಿರಲಿಲ್ಲ. 1900ರಲ್ಲಿ ಜಾರ್ಜ್ ಸುಮಾರು 330 ಎಕರೆ ಜಮೀನನ್ನೂ ಅದರ ಮೇಲಿನ ಮುನ್ನೂರಕ್ಕೂ ಹೆಚ್ಚು ಮನೆಗಳನ್ನೂ ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್‌ಗೆ ಬರೆದುಕೊಟ್ಟ. ಕಂಪನಿಗೂ ಮಕ್ಕಳಿಗೂ ಅದರ ಮೇಲೆ ಹಕ್ಕು ಉಳಿಯಲಿಲ್ಲ. ಅವನ ಮಕ್ಕಳೇನು ಒಬ್ಬಿಬ್ಬರಲ್ಲ: ಮೊದಲ ಹೆಂಡತಿ ಮೇರಿಯಿಂದ ಐವರು, ಆಕೆ 1887ರಲ್ಲಿ ತೀರಿಕೊಂಡ ಬಳಿಕ ಕೈಹಿಡಿದ ಎಲಿಜಬೆತ್‌ಳಿಂದ ಆರು ಮಂದಿ. ಇಂದಿಗೂ ಆ ಟ್ರಸ್ಟ್ ಇದೆ. ನಗರದ ನಡುವಿನ ನ್ಯೂ ಸ್ಟ್ರೀಟ್ ನಿಲ್ದಾಣದಿಂದ ರೈಲು ಹತ್ತಿ ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣ ಬಳಿದ ಬೋರ್ನ್‌ವಿಲ್ ನಿಲ್ದಾಣದಲ್ಲಿ ಇಳಿದರೆ ಆ ಮನೆಗಳ ಸಾಲನ್ನು ನೋಡಬಹುದು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಓದಲು, ಆಸ್ಪತ್ರೆಯಲ್ಲಿ ದುಡಿಯಲು ಬರುವ ನಮ್ಮವರು ಬಾಡಿಗೆ ಮನೆ ಹುಡುಕುತ್ತ ಈ ಬೀದಿಗಳಿಗೂ ಬರುತ್ತಾರೆ.

ಒಳ್ಳೆಯದೆಲ್ಲ ಕೊಡುಗೆಯಾಗಿ ಬಂದಾಗ ಅದರ ಜೊತೆ ಯಜಮಾನಿಕೆಯೂ ಬರುತ್ತದೆ. ಬೋರ್ನ್‌ವಿಲ್‌ನಲ್ಲಿ ಪಬ್ಬಿಗೆ ಜಾಗವಿರಲಿಲ್ಲ. ಕಾರ್ಖಾನೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗಗಳು, ಬೇರೆ ಬೇರೆ ಮೈದಾನಗಳು. ಮದುವೆಯಾದ ಹೆಣ್ಣು ಕೆಲಸ ಬಿಡಬೇಕಿತ್ತು. ಬೀಳ್ಕೊಡುವಾಗ ಬೈಬಲ್ಲನ್ನೂ ಒಂದು ಹೂವನ್ನೂ ಕೊಡುತ್ತಿದ್ದರು. ಈಜುಕೊಳ, ಉದ್ಯಾನ, ಶನಿವಾರದ ಅರ್ಧ ದಿನ ರಜೆ, ಪಿಂಚಣಿ ನಿಧಿ ಇವೆಲ್ಲ ಇದ್ದುದು ನಿಜ. ತಮ್ಮ ಹಿತವೇನೆಂದು ಕೆಲಸಗಾರರೇ ನಿರ್ಧರಿಸಲು ಎಷ್ಟು ಎಡೆಯಿತ್ತೆಂಬುದು ಬೇರೆ ಮಾತು.

ರಜೆಯ ವಿಷಯಕ್ಕೆ ಬಂದರೆ ಒಂದು ಸೋಜಿಗವಿದೆ. ಎಲ್ಲ ದಿನಗಳೂ ದೇವರವೇ ಆದ್ದರಿಂದ ಕ್ರಿಸ್‌ಮಸ್ಸನ್ನು ಬೇರೆಯಾಗಿ ಆಚರಿಸಬೇಕಿಲ್ಲ ಎಂಬುದು ಹಳೆಯ ಕ್ವೇಕರರ ನಿಲುವು. ಅಂತಹ ಮನೆತನದ ಸಿಹಿಯೇ ಇಂಗ್ಲೆಂಡಿನ ಕ್ರಿಸ್‌ಮಸ್ ಉಡುಗೊರೆಯಾಯಿತು. 1899ರ ಕೊನೆಯಲ್ಲಿ, ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿದ್ದ ಸೈನಿಕರಿಗೆ ಹೊಸ ವರ್ಷಕ್ಕೆ ಚಾಕೊಲೇಟ್ ಡಬ್ಬಿ ಕಳಿಸಬೇಕೆಂದು ವಿಕ್ಟೋರಿಯಾ ರಾಣಿ ಬಯಸಿದಾಗ ಜಾರ್ಜನಿಗೆ ಇಕ್ಕಟ್ಟಾಯಿತು. ಯುದ್ಧ ಅವನ ನಂಬಿಕೆಗೆ ವಿರುದ್ಧ; ರಾಣಿಯ ಮಾತನ್ನು ತಳ್ಳುವುದೂ ಸುಲಭವಲ್ಲ. ಫ್ರೈ ಮತ್ತು ರೌಂಟ್ರಿ ಎಂಬ ಇನ್ನೆರಡು ಕ್ವೇಕರ್ ಕಂಪನಿಗಳೊಡನೆ ಕೆಲಸವನ್ನು ಹಂಚಿಕೊಂಡು, ಡಬ್ಬಿಯ ಮೇಲೆ ತಯಾರಕರ ಹೆಸರಿಲ್ಲದೆ ಮಾಡಿಕೊಟ್ಟರು. ಚಾಕೊಲೇಟ್ ಸ್ವದೇಶದ್ದೇ ಎಂದು ಸೈನಿಕರಿಗೆ ಗೊತ್ತಾಗಬೇಕೆಂದು ರಾಣಿ ಪಟ್ಟುಹಿಡಿದ ಮೇಲೆ ಒಳಗಿನ ಕೆಲವು ಹಲ್ಲೆಗಳ ಮೇಲೆ ಮುದ್ರೆ ಬಿತ್ತು. ಅದೇ ಹೊತ್ತಿಗೆ ಜಾರ್ಜ್ ಆ ಯುದ್ಧದ ವಿರುದ್ಧ ದನಿಯೆತ್ತಲು ಹಣ ಸುರಿಯುತ್ತಿದ್ದ. 1901ರಲ್ಲಿ ಲಂಡನ್ನಿನ ಡೇಲಿ ನ್ಯೂಸ್ ಪತ್ರಿಕೆಯನ್ನು ಕೊಳ್ಳುವುದರಲ್ಲಿ ಮುಂದಾಳಾದ. ಅಣ್ಣ ರಿಚರ್ಡ್ 1899ರಲ್ಲೇ ಜೆರೂಸಲೇಮ್ ಪ್ರವಾಸದಲ್ಲಿ ತೀರಿಕೊಂಡಿದ್ದ. ಕಂಪನಿಯ ಚುಕ್ಕಾಣಿ ಈಗ ಜಾರ್ಜನ ಕೈಯಲ್ಲಿ.

ಆ ಪತ್ರಿಕೆ ವೃದ್ಧಾಪ್ಯ ವೇತನಕ್ಕಾಗಿ ಬರೆಯಿತು. ಮನೆಮನೆಗಳಲ್ಲಿ ಪುಡಿಗಾಸಿಗೆ ದುಡಿಯುವ ಹೆಂಗಸರ ಕಷ್ಟವನ್ನು ತೋರಿಸಲು 1906ರಲ್ಲಿ ಲಂಡನ್ನಿನಲ್ಲಿ ಒಂದು ಪ್ರದರ್ಶನವನ್ನೇ ಏರ್ಪಡಿಸಿತು. ನಿಮ್ಮ ಕೈಯಲ್ಲಿರುವ ವಸ್ತುವನ್ನು ಯಾರು, ಯಾವ ಸ್ಥಿತಿಯಲ್ಲಿ ಮಾಡಿದರು ನೋಡಿ ಎಂದು ಕೊಳ್ಳುವವರನ್ನು ಕೇಳುವುದೇ ಆ ಪ್ರದರ್ಶನದ ಉದ್ದೇಶ. ಅದೇ ಪ್ರಶ್ನೆ ಕ್ಯಾಡ್ಬರಿಗಳ ಮನೆಬಾಗಿಲಿಗೂ ಬಂದು ನಿಂತಿತ್ತು.

ಕಂಪನಿಗೆ ಬೇಕಾದ ಕೋಕೋ ಬೀಜದ ದೊಡ್ಡ ಪಾಲು ಆಗ ಬರುತ್ತಿದ್ದುದು ಆಫ್ರಿಕದ ಪಶ್ಚಿಮ ಕರಾವಳಿಯಾಚೆಗಿನ ಸಾವೊ ಟೊಮೆ ಮತ್ತು ಪ್ರಿನ್ಸಿಪೆ ಎಂಬ ಪೋರ್ಚುಗೀಸ್ ದ್ವೀಪಗಳಿಂದ. 1901ರಲ್ಲಿ ರಿಚರ್ಡನ ಮಗ ವಿಲಿಯಂನ ಕಣ್ಣಿಗೆ ಅಲ್ಲಿನ ತೋಟವೊಂದರ ಮಾರಾಟದ ಪತ್ರ ಬಿತ್ತು. ತೋಟದ ಆಸ್ತಿಪಟ್ಟಿಯಲ್ಲಿ ಕರಿಯ ಕೂಲಿಯಾಳುಗಳನ್ನೂ ಲೆಕ್ಕ ಹಾಕಿ ಬೆಲೆ ಕಟ್ಟಿದ್ದರು. ಕಾನೂನಿನ ಪ್ರಕಾರ ಅಲ್ಲಿ ಗುಲಾಮಗಿರಿ ಎಂದೋ ನಿಂತಿತ್ತು. ಅಂಗೋಲದಿಂದ ತಂದ ಜನ ಕಾಗದದ ಮೇಲೆ ಐದು ವರ್ಷದ ಕರಾರಿನ ಕೂಲಿಗಳು. ನಿಜದಲ್ಲಿ ಅವರನ್ನು ಒಳನಾಡಿನಿಂದ ಕಟ್ಟಿ ನಡೆಸಿಕೊಂಡು ಬಂದು ಹಡಗಿಗೆ ತುಂಬುತ್ತಿದ್ದರು. ಅವಧಿ ಮುಗಿದರೂ ಊರಿಗೆ ಮರಳಿದವರು ಇರಲಿಲ್ಲವೆಂದೇ ಹೇಳಬೇಕು. ಇದೇ ಕಾಲದಲ್ಲಿ ನಮ್ಮ ದೇಶದ ಬಡವರೂ ಹೆಬ್ಬೆಟ್ಟು ಒತ್ತಿ ಟ್ರಿನಿಡಾಡ್, ಫಿಜಿ, ನೇಟಾಲ್‌ಗಳ ಕಬ್ಬಿನ ತೋಟಗಳಿಗೆ ಹಡಗೇರುತ್ತಿದ್ದರು. ಅವರಲ್ಲಿ ಕೆಲವರಾದರೂ ಮರಳಿದರು. ಪರದೇಶದ ಕೆಲಸವೆಂದರೆ ಕರಾರಿನ ಕಾಗದ ಒಂದು, ಹಿಂತಿರುಗುವ ದಾರಿ ಇನ್ನೊಂದು ಎಂಬುದು ಅಂದಿಗೂ ಇಂದಿಗೂ ದುಡಿಯಹೊರಟವರೆಲ್ಲ ಬಲ್ಲ ವಿಷಯ.

ಸುದ್ದಿ ತಿಳಿದ ಕ್ಯಾಡ್ಬರಿಗಳು ಕಣ್ಣು ಮುಚ್ಚಲಿಲ್ಲ, ಕೊಳ್ಳುವುದನ್ನು ನಿಲ್ಲಿಸಲೂ ಇಲ್ಲ. 1903ರಲ್ಲಿ ವಿಲಿಯಂ ಲಿಸ್ಬನ್ನಿಗೆ ಹೋದ. ಸುಧಾರಣೆಯಾಗುವುದೆಂಬ ಭರವಸೆ ಸಿಕ್ಕಿತು. 1905ರಲ್ಲಿ ಜೋಸೆಫ್ ಬರ್ಟ್ ಎಂಬವನನ್ನು ಪೋರ್ಚುಗೀಸ್ ಭಾಷೆ ಕಲಿಸಿ ದ್ವೀಪಗಳಿಗೂ ಅಂಗೋಲಕ್ಕೂ ಕಳಿಸಿದರು. ಅಷ್ಟರಲ್ಲಿ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತ ಅದೇ ದಾರಿಯಲ್ಲಿ ನಡೆದು, ಕಾಡುದಾರಿಯ ಪಕ್ಕ ಬಿದ್ದಿದ್ದ ಕೈಕೋಳಗಳನ್ನು ಕಂಡು, 1906ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ್ದ. ಬರ್ಟ್ ತಂದ ವರದಿಯೂ ಅದನ್ನೇ ಹೇಳಿತು. ಬ್ರಿಟಿಷ್ ವಿದೇಶಾಂಗ ಇಲಾಖೆ ಅವಸರ ಬೇಡವೆಂದಿತು. ಕೊಳ್ಳುವುದನ್ನು ನಿಲ್ಲಿಸಿದರೆ ಪೋರ್ಚುಗೀಸರ ಮೇಲೆ ತಮಗಿರುವ ಒತ್ತಡವೂ ಹೋಗುತ್ತದೆ, ಬೇರೆಯವರು ಆ ಬೀಜವನ್ನು ಕೊಂಡೇ ಕೊಳ್ಳುತ್ತಾರೆ ಎಂಬುದು ಕಂಪನಿಯ ವಾದ. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ವಾದ ನಡೆದಷ್ಟು ಕಾಲವೂ ಬೀಜದ ಮೂಟೆಗಳು ಬೋರ್ನ್‌ವಿಲ್‌ಗೆ ಬಂದು ಇಳಿಯುತ್ತಲೇ ಇದ್ದವು. 1909ರ ಮಾರ್ಚಿಯಲ್ಲಿ, ಮೊದಲ ಸುಳಿವು ಸಿಕ್ಕ ಎಂಟು ವರ್ಷಗಳ ಮೇಲೆ, ಕ್ಯಾಡ್ಬರಿ, ಫ್ರೈ, ರೌಂಟ್ರಿ ಮೂವರೂ ಆ ದ್ವೀಪಗಳ ಕೋಕೋವನ್ನು ಕೈಬಿಟ್ಟು, ಇಂದು ಘಾನಾ ಎಂದು ಕರೆಯುವ ಗೋಲ್ಡ್ ಕೋಸ್ಟ್‌ನ ಸಣ್ಣ ರೈತರ ಕಡೆಗೆ ತಿರುಗಿದರು.

ಅದಕ್ಕೆ ಮುನ್ನ, 1908ರ ಸೆಪ್ಟೆಂಬರ್‌ನಲ್ಲಿ, ಸ್ಟ್ಯಾಂಡರ್ಡ್ ಎಂಬ ಪತ್ರಿಕೆ ಈ ವಿಳಂಬವನ್ನು ಕುಟುಕಿ ಬರೆದಿತ್ತು. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಚೀನೀ ಕೂಲಿಗಳ ಪಾಡಿಗೆ ಮರುಗಿ ಬರೆಯುವ ಪತ್ರಿಕೆಯ ಒಡೆಯನ ಕಾರ್ಖಾನೆಗೆ ಗುಲಾಮರು ಬೆಳೆದ ಬೀಜ ಬರುತ್ತಿದೆಯಲ್ಲ ಎಂಬುದು ಅದರ ತಿರುಳು. ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. 1909ರ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೇ ವಿಚಾರಣೆ ನಡೆಯಿತು. ಪತ್ರಿಕೆಯ ಪರ ವಕೀಲ ಎಡ್ವರ್ಡ್ ಕಾರ್ಸನ್ ವಿಲಿಯಂನನ್ನು ಕಟಕಟೆಯಲ್ಲಿ ನಿಲ್ಲಿಸಿ ಗಂಟೆಗಟ್ಟಲೆ ಪಾಟೀಸವಾಲು ಮಾಡಿದ. ತೀರ್ಪು ಕ್ಯಾಡ್ಬರಿಗಳ ಪರವಾಗಿಯೇ ಬಂತು. ಪರಿಹಾರ ಮಾತ್ರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ. ಊರಿನ ಜನರೇ ಆದ ಪಂಚರು ತಮ್ಮೂರಿನ ದಾನಿಗೆ ಕಟ್ಟಿದ ಬೆಲೆಯದು. ಹಿಟ್ಟು ಬೆರೆಸದ ಕೋಕೋವನ್ನು ಇಂಗ್ಲೆಂಡಿಗೆ ಕುಡಿಸಿದವನ ಬಟ್ಟಲಿನಲ್ಲಿ ಬೇರೆಯೇ ಕಲಬೆರಕೆ ಇತ್ತು. ಅದು ಯಾವ ಲ್ಯಾನ್ಸೆಟ್ ಪರೀಕ್ಷೆಗೂ ಸಿಕ್ಕುವಂತಹದಾಗಿರಲಿಲ್ಲ.

ಶುದ್ಧ ಕೋಕೋದ ಕಥೆಯಲ್ಲೂ ಒಂದು ತಿರುವಾಯಿತು. ಡಚ್ಚರು ಪುಡಿಗೆ ಕ್ಷಾರ ಸೇರಿಸಿ ಅದರ ಒಗರನ್ನು ತಗ್ಗಿಸಿ, ಬಣ್ಣ ಗಾಢವಾಗುವಂತೆ ಮಾಡುತ್ತಿದ್ದರು. ಅದನ್ನೂ ಕಲಬೆರಕೆಯೆಂದೇ ಬಗೆದಿದ್ದ ಕ್ಯಾಡ್ಬರಿಗಳು, ಜನರ ನಾಲಿಗೆ ಆ ಕಡೆ ಒಲಿದದ್ದನ್ನು ಕಂಡು, 1906ರಲ್ಲಿ ಅದೇ ಬಗೆಯ ಬೋರ್ನ್‌ವಿಲ್ ಕೋಕೋವನ್ನು ಹೊರತಂದರು. ಇಂದಿಗೂ ಇಲ್ಲಿನ ಅಡುಗೆಮನೆಗಳಲ್ಲಿ ಆ ಹೆಸರಿನ ಡಬ್ಬಿ ಉಂಟು.

ಕೊನೆಯ ವರ್ಷಗಳಲ್ಲಿ ಜಾರ್ಜ್ ನಾರ್ತ್‌ಫೀಲ್ಡ್‌ನ ದೊಡ್ಡ ಮನೆಯಲ್ಲಿದ್ದ. ನಗರದ ಬಡ ಮಕ್ಕಳು ಪ್ರತಿ ಬೇಸಿಗೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಬಂದು ಆಡಿ, ಈಜಿ, ಉಂಡು ಹೋಗುತ್ತಿದ್ದರು. ಸೆಲ್ಲಿ ಓಕ್‌ನಲ್ಲಿದ್ದ ತನ್ನ ಹಿಂದಿನ ಮನೆ ವುಡ್‌ಬ್ರೂಕನ್ನು 1903ರಲ್ಲೇ ಕ್ವೇಕರರ ಅಧ್ಯಯನ ಕೇಂದ್ರಕ್ಕೆ ಬಿಟ್ಟುಕೊಟ್ಟಿದ್ದ. ಅವನು ತೀರಿಕೊಂಡ ಮೇಲೆ, 1930ರಲ್ಲಿ ರವೀಂದ್ರನಾಥ ಠಾಕೂರರೂ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಬಂದಿದ್ದ ಗಾಂಧೀಜಿಯವರೂ ಆ ಮನೆಯಲ್ಲಿ ಅತಿಥಿಗಳಾಗಿದ್ದರು. ಜಾರ್ಜ್ ಕ್ಯಾಡ್ಬರಿ 1922ರ ಅಕ್ಟೋಬರ್ 24ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ನಿಧನನಾದ. ಬೋರ್ನ್‌ವಿಲ್‌ನ ಹಸಿರು ಬಯಲಿನಲ್ಲಿ ಸಾವಿರಾರು ಜನ ನೆರೆದು ವಿದಾಯ ಹೇಳಿದರು.

ಅವನ ಊರಿನ ಹೆಸರು ನಮ್ಮ ಮನೆಗಳಿಗೆ ಬಂದದ್ದು ಬೇರೊಂದು ದಾರಿಯಿಂದ. 1932ರಲ್ಲಿ ಕಂಪನಿ ಮಾಡಿದ ಮಾಲ್ಟಿನ ಪಾನೀಯಕ್ಕೆ ಬೋರ್ನ್‌ವಿಟಾ ಎಂದು ಹೆಸರಿಟ್ಟರು. 1948ರಲ್ಲಿ ಕ್ಯಾಡ್ಬರಿ ಭಾರತದಲ್ಲಿ ಶಾಖೆ ತೆರೆಯಿತು. ಪರೀಕ್ಷೆಯ ದಿನಗಳಲ್ಲಿ ಅಮ್ಮ ಕೊಡುತ್ತಿದ್ದ ಆ ಲೋಟದ ಹೆಸರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ತೊರೆಯೊಂದು ಹರಿಯುತ್ತಿದೆಯೆಂದು ಯಾರಿಗೆ ಗೊತ್ತಿತ್ತು! ಕೋಕೋ ಈಗ ನಮ್ಮದೇ ಬೆಳೆಯೂ ಹೌದು. ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ರೈತರ ಸಹಕಾರ ಸಂಸ್ಥೆ ಕ್ಯಾಂಪ್ಕೊ, ಬೆಲೆ ಕುಸಿದ ದಿನಗಳಲ್ಲಿ ಕೋಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ನಡೆಸತೊಡಗಿತು. ಚಳಿಗಾಲಕ್ಕೆ ಇಲ್ಲಿಗೆ ಬರುವ ಹಿರಿಯರ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಪುತ್ತೂರಿನ ಕೋಕೋ ಪುಡಿಗೆ ಜಾಗವಿದ್ದರೆ, ಬೆಳೆದವರು ಯಾರೆಂಬ ಪ್ರಶ್ನೆಗೆ ಉತ್ತರ ಹತ್ತಿರದಲ್ಲೇ ಇರುತ್ತದೆ. ಪೇಡ, ತುಪ್ಪ ಮುಂತಾದ ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ತರುವಂತಿಲ್ಲ. ಅವನ್ನು ತುಂಬಿಕೊಂಡು ಬಂದು ವಿಮಾನ ನಿಲ್ದಾಣದಲ್ಲಿ ಕಳೆದುಕೊಳ್ಳುವುದು ಬೇಡ.

ಇನ್ನು ಪರಿಮಳದ ವಿಷಯ. ನಾಲ್ವರ ಹಾಲಿಗೆ ನಾಲ್ಕು ಏಲಕ್ಕಿಯನ್ನು ಸಿಪ್ಪೆಸಮೇತ ಜಜ್ಜಿ, ಹಾಲು ತಣ್ಣಗಿರುವಾಗಲೇ ಹಾಕಿ ಕಾಯಿಸಿ ಸೋಸಿದರೆ ಸಾಕು. ಶೀತವಾದವರಿಗೆ ಕಾಲು ಚಮಚ ಒಣಶುಂಠಿ, ಐದಾರು ಕಾಳುಮೆಣಸು. ದಾಲ್ಚಿನ್ನಿಯ ತುಂಡೊಂದು ಹಾಲಿನೊಡನೆ ಕುದಿಯಬೇಕು; ಜಾಯಿಕಾಯಿಯನ್ನು ಮಾತ್ರ ಬಡಿಸುವಾಗ ಮೇಲೆ ತುರಿಯಬೇಕು, ಅದೂ ಒಂದೆರಡು ಎಳೆ. ಕಿತ್ತಳೆಯ ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ಹೆರೆದು ಹಾಕಬೇಕು, ಒಳಗಿನ ಬಿಳಿ ಕಹಿ. ರಸ ಬಿದ್ದರೆ ಹಾಲು ಒಡೆಯುತ್ತದೆ. ಸಕ್ಕರೆಯ ಬದಲು ಬೆಲ್ಲ ಬೇಕೆನ್ನುವವರು ಒಲೆ ಆರಿಸಿ, ಕುದಿ ಇಳಿದ ಮೇಲೆ ಪುಡಿಮಾಡಿದ ಬೆಲ್ಲವನ್ನು ಕರಗಿಸಲಿ. ಕುದಿಯುವ ಹಾಲಿಗೆ ಬಿದ್ದರೆ ಅದೂ ಒಡೆಯುವುದುಂಟು. ಹಸುವಿನ ಹಾಲು ಒಲ್ಲದವರಿಗೆ ಓಟ್ಸಿನ ಹಾಲಿಗಿಂತ ತೆಳು ತೆಂಗಿನ ಹಾಲು ಕೋಕೋಗೆ ಹೆಚ್ಚು ಒಪ್ಪುತ್ತದೆ. ಕರಾವಳಿಯವರು ಇದಕ್ಕೆ ತಕರಾರು ಮಾಡಲಾರರು.

ಡಿಸೆಂಬರ್ 25ರಂದು ಈ ದೇಶದಲ್ಲಿ ರೈಲುಗಳು ಓಡುವುದಿಲ್ಲ, ದೊಡ್ಡ ಅಂಗಡಿಗಳು ತೆರೆಯುವುದಿಲ್ಲ. ಹಾಲನ್ನೂ ಕಿತ್ತಳೆಯನ್ನೂ 24ರ ಮಧ್ಯಾಹ್ನದೊಳಗೆ ತಂದಿಟ್ಟುಕೊಳ್ಳಬೇಕು.